ಬಿಸಿಲನ್ನ ಬೈಬೇಡ್ರಿ, ರೇಡಿಯೇಟರ್ ಮುಂದಿನ ಬ್ಯಾನರ್ ತೆಗೀರಿ

"ಬಿಸಿಲನಾಡು" ಅನ್ನೋ ಪದ ಕಂಡರೆ ನನಗೆ ಈಗೀಗ ಮೈ ಉರಿಯುತ್ತೆ. ನಮ್ಮ ಬ್ಲಾಗಿಗರೂ ಇದರಲ್ಲಿ ಕಡಿಮೆಯಿಲ್ಲ. ಯಾದಗಿರಿ ಅಂದ ಕೂಡಲೇ ಬಿಸಿಲು, ಬರ, ಗುಳೆ... ಪೋಸ್ಟು ಮುಗೀತು. ಬೋನಾಳ ಕೆರೆಯ ಹಕ್ಕಿಗಳ ಫೋಟೋ ಹಾಕಿದರೂ ತಲೆಬರಹ "ಬಿಸಿಲನಾಡಿನ ಓಯಸಿಸ್" :-( ಇರಲಿ, ಕವಿತೆಗೆ ಬಿಸಿಲು ಬೇಕಾದರೆ ಇಟ್ಟುಕೊಳ್ಳಿ. ಆದರೆ ನಮ್ಮ ಕಡೆ ಟ್ರ್ಯಾಕ್ಟರ್ ಇಂಜಿನ್ ಸುಟ್ಟುಕೊಂಡವರೆಲ್ಲ ಇದೇ ಬಿಸಿಲನ್ನ ನೆಪ ಮಾಡಿಕೊಂಡಿದ್ದಾರಲ್ಲ, ನನ್ನ ಜಗಳ ಅದರ ಜೊತೆ.

"ಏನ್ ಮಾಡೋದ್ರೀ, ನಮ್ ಕಡಿ ಬಿಸಲೇ ಹಂಗದ. ಗಾಡಿ ಹೀಟ್ ಆಗ್ತದ." ಸುರಪುರದಿಂದ ಬೋನಾಳದ ತನಕ ಯಾವ ಹೋಟೆಲ್ ಮುಂದೆ ನಿಂತರೂ ಈ ಮಾತು ಕೇಳಬಹುದು.

ಒಂದು ಪ್ರಶ್ನೆ ಕೇಳ್ತೀನಿ. ಗಾಡಿ ಕುದಿಯೋದು ಯಾವಾಗ? ಮೇ ತಿಂಗಳಲ್ಲಾ? ಮೇ ತಿಂಗಳಲ್ಲಿ ಅರ್ಧ ಟ್ರ್ಯಾಕ್ಟರುಗಳು ಬೇವಿನ ಮರದ ಕೆಳಗೆ ನಿಂತಿರುತ್ತವೆ. ಕುದಿಯೋದು ನಾರಾಯಣಪುರ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ. ಜುಲೈ, ಆಗಸ್ಟಿನಲ್ಲಿ ಗದ್ದೆಗೆ ನೀರು ನಿಲ್ಲಿಸಿ, ಕೇಜ್ ವೀಲ್ ಹಾಕಿ, ಕೆಸರು ಮಾಡುವಾಗ. ಆಗ ಮೇಲೆ ಮೋಡ, ಕೆಳಗೆ ಮೊಣಕಾಲುದ್ದ ನೀರು. ಎರಡನೇ ಬೆಳೆಗಂತೂ ಚಳಿಗಾಲದಲ್ಲೇ ಕುದಿಯುತ್ತೆ, ಡ್ರೈವರ್ ತಲೆಗೆ ಮಫ್ಲರ್ ಸುತ್ತಿಕೊಂಡಿರ್ತಾನೆ! ಎಲ್ಲಿದೆ ಸ್ವಾಮಿ ನಿಮ್ಮ ಬಿಸಿಲು?

ಲೆಕ್ಕಾನೂ ನೋಡೋಣ. ರೇಡಿಯೇಟರಿನ ನೀರು 90 ಡಿಗ್ರಿ, ಹೊರಗಿನ ಗಾಳಿ 30 ಡಿಗ್ರಿ ಅಂದ್ಕೊಳ್ಳಿ. ವ್ಯತ್ಯಾಸ 60. ಈ ವ್ಯತ್ಯಾಸವೇ ಶಾಖವನ್ನು ಹೊರಗೆ ತಳ್ಳೋದು. ಗಾಳಿ 42 ಡಿಗ್ರಿ ಆದರೆ ವ್ಯತ್ಯಾಸ 48. ಅಂದರೆ ನಡು ಬೇಸಿಗೆ ನಿಮ್ಮಿಂದ ಕಿತ್ತುಕೊಳ್ಳೋದು ಐದರಲ್ಲಿ ಒಂದು ಪಾಲು. ಸುಳ್ಳಲ್ಲ, ಆದರೆ ಅಷ್ಟೇ. ಬಿಸಿಲು ಇರುತ್ತೆ ಅಂತ ಗೊತ್ತಿದ್ದೇ ಈ ದೇಶಕ್ಕೆ ಟ್ರ್ಯಾಕ್ಟರ್ ಮಾಡಿರ್ತಾರೆ. ನೀವು ಜಾಲರಿಯ ಮುಂದೆ ಕಟ್ಟಿದ ಬ್ಯಾನರು, ಗೊಂಡೆ, ಪ್ಲಾಸ್ಟಿಕ್ ಹಾರ, ನೇತಾರನ ಫೋಟೋ, ಎರಡು ಜೋಡಿ ಹಾರ್ನು ಇವೆಯಲ್ಲ, ಅವು ಅರ್ಧ ಪಾಲು ಕಿತ್ತುಕೊಳ್ಳುತ್ತವೆ. ಇವನ್ನು ಲೆಕ್ಕದಲ್ಲಿ ಹಿಡಿದು ಯಾವ ಕಂಪನಿಯೂ ಗಾಡಿ ಮಾಡಲ್ಲ.

ಈ ಗಾಳಿಯ ವಿಚಾರ ಅತಿ ಚೆನ್ನಾಗಿ ಕಾಣೋದು ಒಂದು ಆಟಿಕೆಯಲ್ಲಿ. ರಿಮೋಟಿನಿಂದ ಓಡಿಸೋ ನೈಟ್ರೋ ಕಾರು. ಬ್ಯಾಟರಿಯದಲ್ಲ, ನಿಜವಾದ ಟೂ-ಸ್ಟ್ರೋಕ್ ಇಂಜಿನ್, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ದೊಡ್ಡದರಲ್ಲಿ 3.5 ಸಿಸಿ. ಮೆಥನಾಲು, ನೈಟ್ರೋಮೀಥೇನು, ಎಣ್ಣೆ ಬೆರೆಸಿದ ಇಂಧನ. ಇದಕ್ಕೆ ನೀರೂ ಇಲ್ಲ, ಫ್ಯಾನೂ ಇಲ್ಲ. ತಲೆಯ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳು, ಓಡುವಾಗ ಬೀಸುವ ಗಾಳಿ, ಅಷ್ಟೇ. ಮೇಲೆ ತೆಳು ಪ್ಲಾಸ್ಟಿಕ್ಕಿನ ಬಾಡಿ. ಇಂಜಿನ್ ಕಾದರೆ ಹೊಸಬರು ಮಾಡೋದೇನು? ಮುಂದಿನ ಗಾಜಿನ ಜಾಗ ಕತ್ತರಿಸ್ತಾರೆ. ಕಾಯೋದು ನಿಲ್ಲಲ್ಲ. ಇನ್ನೂ ದೊಡ್ಡದಾಗಿ ಕತ್ತರಿಸ್ತಾರೆ. ಊಹ್ಞೂಂ! ಯಾಕಂದ್ರೆ ಒಳಗೆ ಬಂದ ಗಾಳಿಗೆ ಹೊರಗೆ ಹೋಗೋಕೆ ದಾರಿ ಇಲ್ಲ. ಒಳಗೆ ಒತ್ತಡ ಕಟ್ಟಿಕೊಂಡು, ಮುಂದಿನಿಂದ ಬರೋ ಹೊಸ ಗಾಳಿ ಬಾಡಿ ಮೇಲಿಂದ ಜಾರಿ ಹೋಗುತ್ತೆ. ಬಲ್ಲವರು ಹಿಂದಿನ ಗಾಜು ಕತ್ತರಿಸ್ತಾರೆ, ಅದೂ ಮುಂದಿನದಕ್ಕಿಂತ ದೊಡ್ಡದಾಗಿ. ಬಿಸಿಯಾದ ಗಾಳಿ ಹಿಗ್ಗಿರುತ್ತಲ್ಲ, ಅದಕ್ಕೆ ಜಾಗ ಹೆಚ್ಚು ಬೇಕು. ಅದಕ್ಕೂ ಮೊದಲು ಕಾರ್ಬುರೇಟರಿನ ಸೂಜಿ ನೋಡ್ತಾರೆ. ವೇಗದ ಆಸೆಗೆ ಇಂಧನ ತೀರಾ ಕಡಿಮೆ ಮಾಡಿದರೆ ಎಣ್ಣೆಯೂ ಕಡಿಮೆ, ಆವಿಯಾಗುವ ಮೆಥನಾಲ್ ಕೊಡೋ ತಂಪೂ ಕಡಿಮೆ. ಆಗ ಎಷ್ಟು ತೂತು ಕೊರೆದರೂ ಇಂಜಿನ್ ಕಾಯುತ್ತೆ.

ಇದೇ ನ್ಯಾಯ ಟ್ರ್ಯಾಕ್ಟರಿಗೂ. ಒಂದೇ ವ್ಯತ್ಯಾಸ: ಆಟಿಕೆ ಕಾರು ವೇಗದಲ್ಲೇ ಗಾಳಿ ಹಿಡಿಯುತ್ತೆ. ಟ್ರ್ಯಾಕ್ಟರ್ ಗದ್ದೆಯಲ್ಲಿ ಎತ್ತಿನ ನಡಿಗೆಯಲ್ಲಿ ಹೋಗುತ್ತೆ. ಎದುರು ಗಾಳಿ ಸೊನ್ನೆ. ಪೂರ್ತಿ ಭಾರ ಫ್ಯಾನಿನ ಮೇಲೆ. ಸುಡೋ ಡೀಸೆಲಿನ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಗಾಲಿಗೆ, ಒಂದಿಷ್ಟು ಸೈಲೆನ್ಸರಿಗೆ, ಉಳಿದದ್ದರಲ್ಲಿ ಬಹುಪಾಲು ರೇಡಿಯೇಟರಿಗೆ. 45 ಎಚ್‌ಪಿ ಗಾಡಿ ಪೂರ್ತಿ ಭಾರದಲ್ಲಿ ದುಡಿಯುವಾಗ ರೇಡಿಯೇಟರ್ ಹೊರಹಾಕೋ ಶಾಖ ಇಪ್ಪತ್ತೈದು, ಮೂವತ್ತು ಇಸ್ತ್ರಿಪೆಟ್ಟಿಗೆ ಒಟ್ಟಿಗೆ ಕಾಯ್ದಷ್ಟು. ಇಷ್ಟೂ ಹೋಗಬೇಕಾದ್ದು ಆ ಸಣ್ಣ ಜಾಲರಿಯ ಮೂಲಕ ಬಂದ ಗಾಳಿಯಲ್ಲಿ!

ಈಗ ನಮ್ಮವರ ವೈದ್ಯ ನೋಡಿ. ಫ್ಯಾನಿನ ಸುತ್ತ ಒಂದು ಕವಚ ಇರುತ್ತೆ. "ಅದು ಗಾಳಿಗೆ ಅಡ್ಡ" ಅಂತ ಬಿಚ್ಚಿ ಗುಜರಿಗೆ ಹಾಕ್ತಾರೆ. ಆ ಕವಚ ಇರೋದೇ ಫ್ಯಾನು ರೇಡಿಯೇಟರ್ ಒಳಗಿಂದಲೇ ಗಾಳಿ ಎಳೀಲಿ ಅಂತ. ಬಿಚ್ಚಿದರೆ ಫ್ಯಾನು ಪಕ್ಕದ ಬಿಸಿಗಾಳಿಯನ್ನೇ ಸುತ್ತಿ ಸುತ್ತಿ ಕಡೆಯುತ್ತೆ. ಮುಂದಿನ ಸಣ್ಣ ಜಾಲರಿ ಕಿತ್ತರೆ ಗಾಳಿ ಜಾಸ್ತಿ ಬರುತ್ತೆ ಅನ್ನೋರೂ ಇದ್ದಾರೆ. ಬರುತ್ತೆ, ಜೊತೆಗೆ ನೆಲ್ಲಿನ ಹೊಟ್ಟು, ಹತ್ತಿಯ ಎಳೆ, ಧೂಳು ಎಲ್ಲ ಬಂದು ರೇಡಿಯೇಟರಿನ ರೆಕ್ಕೆಗಳ ನಡುವೆ ಕೂರುತ್ತೆ. ಜಾಲರಿ ಹೊರಗಿನ ಹೊಟ್ಟನ್ನು ಕೈಯಲ್ಲಿ ಒರೆಸಬಹುದು. ಒಳಗೆ ಕೂತದ್ದನ್ನ? ಕೊಯ್ಲಿಗೆ ಬರೋ ಹಾರ್ವೆಸ್ಟರ್ ಡ್ರೈವರುಗಳನ್ನ ನೋಡಿ, ದಿನಕ್ಕೆ ಎಷ್ಟು ಸಲ ಇಳಿದು ಜಾಲರಿ ಝಾಡಿಸ್ತಾರೆ. ಅವರೂ ಇದೇ ಬಿಸಿಲಲ್ಲಿ ದುಡಿಯೋರು.

ಇನ್ನು ಥರ್ಮೋಸ್ಟಾಟ್. ಹೀಟ್ ಅಂದ ತಕ್ಷಣ ಮೊದಲು ಹಾರೋ ತಲೆ ಅದರದ್ದು. ನೀರು ಸುಮಾರು 80 ಡಿಗ್ರಿ ದಾಟಿದ ಮೇಲೆ ರೇಡಿಯೇಟರಿಗೆ ದಾರಿ ಬಿಡೋ ಬಾಗಿಲು ಅದು. ಕೆಲವು ಇಂಜಿನ್‌ಗಳಲ್ಲಿ ಅದೇ ಬಾಗಿಲು ತೆರೆದಾಗ ರೇಡಿಯೇಟರ್ ತಪ್ಪಿಸಿ ಹೋಗೋ ಅಡ್ಡದಾರಿಯನ್ನ ಮುಚ್ಚುತ್ತೆ. ಕಿತ್ತರೆ ಅಡ್ಡದಾರಿ ಸದಾ ತೆರೆದೇ ಇರುತ್ತೆ, ಬಿಸಿನೀರು ತಣ್ಣಗಾಗದೇ ಇಂಜಿನ್ನಿಗೇ ವಾಪಸ್. ಅಲ್ಲಿಗೆ ರೋಗಕ್ಕಿಂತ ಮದ್ದೇ ಜೋರಾಯ್ತು. ಬೇರೆ ಇಂಜಿನ್‌ಗಳಲ್ಲಿ ಕುದಿಯದೇ ಇರಬಹುದು, ಆದರೆ ಹಗುರ ಕೆಲಸದಲ್ಲಿ ಇಂಜಿನ್ ತಣ್ಣಗೇ ಓಡಿ ಒಳಗೆ ಸವೆಯುತ್ತೆ.

ನೀರಿನ ಕಥೆ ಒಂದೇ ಸಾಲಿನಲ್ಲಿ ಹೇಳಿಬಿಡ್ತೀನಿ: ಬೋರಿನ ಸವಳು ನೀರು ಹೊಯ್ದರೆ ಒಳಗೆ ಸುಣ್ಣ ಕಟ್ಟುತ್ತೆ, ಒಂದು ಮಿಲಿಮೀಟರ್ ಸುಣ್ಣದ ಪದರ ಶಾಖಕ್ಕೆ ಎರಡು ಸೆಂಟಿಮೀಟರಿಗೂ ದಪ್ಪದ ಬೀಡು ಅಡ್ಡ ಇಟ್ಟಂತೆ.

"ನಮ್ ಗಾಡಿ, ನಮ್ ಖುಷಿ, ನೀ ಯಾರಲೇ ಕೇಳಾಕ?" ಅಂತ ಒಬ್ಬ ಹುಡುಗ ಮುಖಕ್ಕೇ ಅಂದ. ಸರಿ ತಮ್ಮಾ, ಅಲಂಕಾರ ಬೇಡ ಅಂದವರಾರು? ಮಡ್‌ಗಾರ್ಡ್ ಇದೆ, ಟಾಪ್ ಇದೆ, ಟ್ರಾಲಿಯ ನಾಲ್ಕೂ ಬದಿ ಇದೆ. ಎತ್ತಿಗೆ ಕೊಂಬಣಸು ಹಾಕಿ, ಜೂಲು ಹೊದಿಸಿ, ಗೆಜ್ಜೆ ಕಟ್ಟಿದ ನಿಮ್ಮಜ್ಜ ಎಂದಾದರೂ ಎತ್ತಿನ ಮೂಗು ಮುಚ್ಚಿದ್ದನಾ?

ನನಗೆ ಸಿಟ್ಟು ಬರೋದು ಗಾಡಿಯ ಮೇಲಿನ ಪ್ರೀತಿಗೂ ಅಲ್ಲ. ಈ ಟ್ರ್ಯಾಕ್ಟರುಗಳಲ್ಲಿ ಎಷ್ಟೋ ಸಾಲದವು. ನಾಟಿ ಸಮಯದಲ್ಲಿ ಹೆಡ್ ಗ್ಯಾಸ್ಕೆಟ್ ಹೋದರೆ, ಹೆಡ್ ಸೊಟ್ಟಗಾದರೆ, ವಾರಗಟ್ಟಲೆ ಗ್ಯಾರೇಜು. ಕಾಲುವೆ ನೀರು ಸರದಿಯ ಪ್ರಕಾರ ಬರುತ್ತೆ, ನಿಮ್ಮ ಇಂಜಿನ್ ರಿಪೇರಿಗೆ ಕಾಯಲ್ಲ. ಸಸಿ ಮಡಿಯಲ್ಲೇ ಬಲಿಯುತ್ತೆ. ಕೊನೇ ತುದಿಯ ಹೊಲದವನದ್ದಾದರೆ ಕೇಳೋದೇ ಬೇಡ, ನೀರು ಬರೋದೇ ಹಾಗೂ ಹೀಗೂ. ಇಷ್ಟೆಲ್ಲ ಆದ ಮೇಲೆ "ಬಿಸಲಿಗೆ ಹೋಯ್ತು" ಅಂತ ಒಂದು ಮಾತು! ಬಿಸಿಲಿಗೆ ಬಾಯಿಲ್ಲ, ಇಲ್ಲದಿದ್ದರೆ ಅದೇ ಕೇಸು ಹಾಕ್ತಿತ್ತು :-)

ಊರ ಕಡೆ ಹೋಗೋ ಗೆಳೆಯರು ಒಂದು ಕೆಲಸ ಮಾಡಿ. ನಿಮ್ಮ ಅಣ್ಣನದೋ ಮಾವನದೋ ಟ್ರ್ಯಾಕ್ಟರ್ ಇರುತ್ತಲ್ಲ, ಸ್ಟಾರ್ಟ್ ಮಾಡಿಸಿ, ಸ್ವಲ್ಪ ರೇಸ್ ಕೊಡಿಸಿ, ಮುಂದಿನ ಜಾಲರಿಗೆ ಪೇಪರಿನ ಒಂದು ಹಾಳೆ ಹಿಡೀರಿ. ಫ್ಯಾನು ಎಳೆದು ಹಾಳೆ ಗಟ್ಟಿಯಾಗಿ ಅಂಟಿಕೊಳ್ಳಬೇಕು. ಜಾರಿ ಬಿತ್ತಾ? ಇಂಜಿನ್ ಆರಿಸಿ, ತಣ್ಣಗಾಗಲಿ. ಬ್ಯಾನರ್ ಇದ್ದರೆ ಬಿಚ್ಚಿ, ಜಾಲರಿ ತೆಗೆದು ಝಾಡಿಸಿ, ಫ್ಯಾನ್ ಬೆಲ್ಟ್ ಸಡಿಲವಾಗಿದೆಯಾ ನೋಡಿ. ಆಮೇಲೆ ಇಂಜಿನ್ ಕಡೆಯಿಂದ ಮುಂದಕ್ಕೆ ಪೈಪಿನ ನೀರು ಬಿಡಿ, ಮೆಲ್ಲಗೆ, ವಾಷಿಂಗ್ ಸೆಂಟರಿನ ರಭಸಕ್ಕೆ ರೆಕ್ಕೆ ಮಡಚಿಕೊಳ್ಳುತ್ತವೆ. ಹೊರಗೆ ಬೀಳೋ ಹೊಟ್ಟನ್ನು ಒಂದು ಬುಟ್ಟಿಗೆ ತುಂಬಿ ಅಣ್ಣನಿಗೇ ತೋರಿಸಿ, ಹೋದ ವರ್ಷದ ಸುಗ್ಗಿಯದೂ ಅದರಲ್ಲಿರುತ್ತೆ.