ಕೀ ಕೊಟ್ಟು ಹೋಗುವವರೇ, ಬ್ಯಾಟರಿ ಕತೆ ಎಂತ?

ನಮ್ಮ ಹೆಜಮಾಡಿಯಲ್ಲಿ ಬೀಗ ಹಾಕಿದ ಮನೆಗಳಿಗೇನೂ ಬರ ಇಲ್ಲ. ಯಜಮಾನರು ಮುಂಬಯಿಯಲ್ಲಿ, ಮಕ್ಕಳು ದುಬೈಯಲ್ಲಿ. ಮೇ ತಿಂಗಳಲ್ಲಿ ಬಂದು ಕೋಲ, ಮದುವೆ, ಹಲಸು, ಮಾವು ಎಲ್ಲ ಮುಗಿಸಿ ಮಳೆ ಹಿಡಿಯುವ ಮೊದಲು ಹೊರಡುದು. ಕೀ ಮಾತ್ರ ಪಕ್ಕದ ಮನೆ ಹೆಂಗಸಿಗೆ. "ಅಕ್ಕ, ಒಮ್ಮೊಮ್ಮೆ ನೋಡಿಕೊಳ್ಳಿ ಆಯ್ತಾ?" ಅಂತ. ಬಾಗಿಲು ತೆಗೆದು ಗಾಳಿ ಆಡಿಸುದು, ಕಸ ಗುಡಿಸುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ರೆ ಮೆಟ್ಟಿಲಿನ ಅಡಿಯಲ್ಲಿ ಕೂತ ಆ ಇನ್ವರ್ಟರ್ ಬ್ಯಾಟರಿಗಳ ಬಗ್ಗೆ ಒಂದು ಮಾತೂ ಹೇಳುದಿಲ್ಲ. ಆರು ತಿಂಗಳ ನಂತರ ಬಂದು "ಬ್ಯಾಟರಿ ಸತ್ತಿದೆ ಮಾರಾಯ್ರೆ, ಕಂಪೆನಿ ಮಾಲೇ ಸರಿ ಇಲ್ಲ" ಅಂತ ಬೈಯುದು.

ನಾನು ಹೇಳುದು ಇಷ್ಟೆ: ಹೆಚ್ಚಿನ ಬ್ಯಾಟರಿ ಕೆಲಸ ಮಾಡಿ ಸಾಯುದಲ್ಲ, ಖಾಲಿಯಾಗಿ ಕೂತು ಸಾಯುದು. ಬ್ಯಾಟರಿ ನೋಡಿಕೊಳ್ಳುದು ಗಂಡಸರ ವಿಷಯ ಅಂತ ಬಿಟ್ಟದ್ದು ಸಾಕು. ಮನೆಯಲ್ಲಿ ಇರುವವರಿಗೆ, ಕೀ ಹಿಡಿದವರಿಗೆ ಅದು ಗೊತ್ತಿರಬೇಕು.

ನಮ್ಮಲ್ಲಿ ಹೆಚ್ಚಾಗಿ ಇರುದು ಸೀಸ ಮತ್ತು ಆಸಿಡಿನ ಬ್ಯಾಟರಿ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಮಾಡಿದ ಜಾತಿಯೇ. ಸುಮ್ಮನೆ ಇಟ್ಟರೂ ತಿಂಗಳಿಗೆ ನೂರರಲ್ಲಿ ಮೂರರಿಂದ ಐದು ಪಾಲು ಚಾರ್ಜ್ ತನ್ನಷ್ಟಕ್ಕೆ ಇಳೀತದೆ, ಸೆಕೆಗೆ ಇನ್ನೂ ಜಾಸ್ತಿ. ಚಾರ್ಜ್ ಇಳಿದೇ ಇದ್ದರೆ ಒಳಗಿನ ಪ್ಲೇಟಿನ ಮೇಲೆ ಬಿಳಿ ಉಪ್ಪಿನ ಹಾಗೆ ಸಲ್ಫೇಟ್ ಕೂತು ಗಟ್ಟಿಯಾಗ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಹಿಡಿಯುದಿಲ್ಲ.

ಅದಕ್ಕೆ ಸರಿಯಾಗಿ ಈಗ ಎಲ್ಲ ಮನೆಗೂ ಕ್ಯಾಮೆರಾ, ವೈಫೈ. ಸಿಡಿಲಿಗೆ ಮೇನ್ ಟ್ರಿಪ್ ಆಯ್ತು ಅಂತ ಇಟ್ಟುಕೊಳ್ಳಿ. ಮುಂಬಯಿಯಲ್ಲಿ ಕೂತವರಿಗೆ ಒಂದು ದಿನ ಮನೆ ಕಾಣ್ತದೆ, ಮತ್ತೆ ಕಪ್ಪು. ಆ ಕ್ಯಾಮೆರಾ ಬ್ಯಾಟರಿಯನ್ನು ಪೂರ್ತಿ ಹೀರಿ ಆಗಿರ್ತದೆ. ಮೇನ್ ಸ್ವಿಚ್ ತೆಗೆದು ಇನ್ವರ್ಟರ್ ಆನ್ ಬಿಟ್ಟು ಹೋದರೂ ಅದೇ ಗತಿ.

ಎರಡು ಬ್ಯಾಟರಿ ಜೋಡಿಸಿದ್ದರೆ ವಿಷಯ ಇನ್ನೂ ಸೂಕ್ಷ್ಮ. ಒಂದರ ಪ್ಲಸ್ ಇನ್ನೊಂದರ ಮೈನಸಿಗೆ ಕೊಟ್ಟದ್ದು ಸೀರೀಸ್. 12 ಮತ್ತು 12 ಸೇರಿ 24 ವೋಲ್ಟ್. ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕೊಟ್ಟದ್ದು ಪ್ಯಾರಲಲ್. ಅದರಲ್ಲಿ ವೋಲ್ಟ್ 12 ಆಗಿಯೇ ಉಳೀತದೆ, ಹೆಚ್ಚು ಹೊತ್ತು ಬರ್ತದೆ. ಸೀರೀಸಿನಲ್ಲಿ ಒಂದು ವಯರ್ ಬಿಚ್ಚಿದರೆ ಸಾಕು, ಕರೆಂಟ್ ಹರಿಯುದು ನಿಲ್ತದೆ. ಪ್ಯಾರಲಲ್ಲಿನಲ್ಲಿ ಹಾಗಲ್ಲ. ಇನ್ವರ್ಟರಿನ ವಯರ್ ಬಿಚ್ಚಿದರೂ ಒಳಗೊಳಗೆ ಬಲ ಇರುವುದನ್ನು ಬಲ ಇಲ್ಲದ್ದು ತಿಂತಾ ಇರ್ತದೆ. ಅದನ್ನು ಒಂದಕ್ಕೊಂದು ಬೇರೆಯೇ ಮಾಡಿ ಇಡಬೇಕು.

ಹಾಗೆಯೇ ಒಂದು ಹಾಳಾಯ್ತು ಅಂತ ಹಳತರ ಜೊತೆ ಹೊಸತೊಂದನ್ನು ಸೇರಿಸುವ ಉಳಿತಾಯ ನನಗೆ ಒಪ್ಪಿಗೆ ಇಲ್ಲ. ಚಾರ್ಜರಿಗೆ ಕಾಣುದು ಎರಡೂ ಸೇರಿದ 24 ವೋಲ್ಟ್ ಮಾತ್ರ. ಯಾವುದಕ್ಕೆ ಹೊಟ್ಟೆ ತುಂಬಿದೆ, ಯಾವುದು ಹಸಿದಿದೆ ಅಂತ ಅದಕ್ಕೆ ಗೊತ್ತಾಗುದಿಲ್ಲ. ಒಂದು ಅತಿಯಾಗಿ ಕಾದು ನೀರು ಆರಿಸಿಕೊಳ್ತದೆ, ಇನ್ನೊಂದು ಅರೆಹೊಟ್ಟೆಯಲ್ಲೇ ಉಳೀತದೆ. ತೆಗೆದರೆ ಜೋಡಿಯೇ ತೆಗೀರಿ. ಒಂದೇ ಕಂಪೆನಿ, ಒಂದೇ ಅಳತೆ, ಒಂದೇ ವಯಸ್ಸು. ಹಳತನ್ನು ಅಂಗಡಿಗೇ ವಾಪಸ್ ಕೊಡಿ. ಸೀಸ ವಿಷ, ಬಾವಿಕಟ್ಟೆ ಹತ್ತಿರ ಬಿಸಾಡುವ ವಸ್ತುವಲ್ಲ.

ಹೊರಡುವ ಮುಂಚೆ ಮಾಡ್ಲಿಕ್ಕೆ ಇರುದು ಸ್ವಲ್ಪವೇ. ಪೂರ್ತಿ ಚಾರ್ಜ್ ಮಾಡಿ, ಡಿಸ್ಟಿಲ್ಡ್ ನೀರು ಗುರುತಿನವರೆಗೆ ಹಾಕಿ. ಬಾವಿ ನೀರು ಬೇಡವೇ ಬೇಡ, ಕಡಲ ಬದಿಯ ನಮ್ಮ ನೀರಿನಲ್ಲಿ ಉಪ್ಪಿನಂಶ ಇರ್ತದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕೈಯ ಬಳೆ, ಉಂಗುರ ತೆಗೆದಿಡಿ. ತುದಿಗೆ ವ್ಯಾಸಲಿನ್ ಸವರಿ. ಚಾರ್ಜ್ ಆಗುವಾಗ ಹೊತ್ತಿಕೊಳ್ಳುವ ಗ್ಯಾಸ್ ಬರ್ತದೆ, ದೇವರ ದೀಪದ ಹತ್ತಿರ ಇಡಬಾರದು, ಕಿಟಕಿ ತೆರೆದಿರಲಿ.

ಚಳಿದೇಶಗಳಲ್ಲಿ ಮನೆಯಂಥ ಕಾರವಾನ್ ಇಟ್ಟುಕೊಂಡವರು ಹಿಮ ಬೀಳುವ ಮೊದಲು ಬ್ಯಾಟರಿ ಚಾರ್ಜ್ ಮಾಡಿ ಬಿಚ್ಚಿಡ್ತಾರೆ, ಯಾಕಂದ್ರೆ ಖಾಲಿ ಬ್ಯಾಟರಿ ಹೆಪ್ಪುಗಟ್ಟಿ ಒಡೀತದೆ. ನಮ್ಮ ಬೋಟುಗಳಿಗೂ ಜೂನ್, ಜುಲೈ ಎರಡು ತಿಂಗಳು ರಜೆ, ಆಗ ಬ್ಯಾಟರಿ ದಡಕ್ಕೆ ತರುವವರು ಉಂಟು. ಮನೆಯವರಿಗೆ ಮಾತ್ರ ಯಾಕೆ ಉದಾಸೀನ?

ಎಲೆಕ್ಟ್ರಿಷಿಯನ್ನಿಗೆ ಹೇಳಿ ಬ್ಯಾಟರಿ ಮತ್ತು ಇನ್ವರ್ಟರ್ ನಡುವೆ ಒಂದು ಡಿ.ಸಿ. ಬ್ರೇಕರ್ ಹಾಕಿಸಿದರೆ ಕೀ ಹಿಡಿದವಳು ಸ್ಪಾನರ್ ಹಿಡಿಯಬೇಕಾಗುದಿಲ್ಲ. ಒಂದು ಮಲ್ಟಿಮೀಟರ್ ಸಹ ಇರಲಿ. ಬ್ರೇಕರ್ ತೆಗೆದು ಕೆಲವು ಗಂಟೆ ಸುಮ್ಮನಿದ್ದ ಬ್ಯಾಟರಿ ಒಂದೊಂದೂ 12.6 ತೋರಿಸಿದರೆ ತುಂಬಿದೆ, 12.4ಕ್ಕಿಂತ ಇಳಿದರೆ ಚಾರ್ಜಿಗೆ ಹಾಕಬೇಕು. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಇದು ದುಡ್ಡಿನ ಮಾತು ಮಾತ್ರ ಅಲ್ಲ. ಊರಲ್ಲಿ ಸಾವೋ ಕಾಯಿಲೆಯೋ ಆಗಿ, ಆಟಿಯ ಮಳೆಯಲ್ಲಿ ನಡುರಾತ್ರಿ ವಯಸ್ಸಾದವರನ್ನು ಕರೆದುಕೊಂಡು ಬಂದಿಳಿಯುವವರು ನೀವೇ. ಆಗ ಒಂದು ಲೈಟು, ಒಂದು ಫ್ಯಾನು ಬೇಕಲ್ಲ. ಮುಂದಿನ ಸಲ ಕೀ ಕೊಡುವಾಗ ಒಂದು ಹಾಳೆಯಲ್ಲಿ ಬ್ಯಾಟರಿ ಸೀರೀಸೋ ಪ್ಯಾರಲಲ್ಲೋ, ತೆಗೆದ ತಾರೀಕು, ನೀರು ಹಾಕಿದ ತಾರೀಕು ಬರೆದು ಕೊಡಿ. ಎದುರು ನಿಲ್ಲಿಸಿ ಒಂದು ಸಲ ತೋರಿಸಿ. ಉಳಿದದ್ದು ನಾವು ನೋಡಿಕೊಳ್ತೇವೆ.