ಗಿಡದ ಪೆಟ್ಟಿಗೆಗೆ ಅನಿಲ ಉಣಿಸುವವರಲ್ಲಿ ಒಂದು ಅರಿಕೆ

ಅಂಗೈಯಗಲದ ಅಂಗಳವೂ ಇಲ್ಲದ ಮಹಡಿಮನೆಗಳ ಸಸ್ಯಪ್ರಿಯರು ಕೋಣೆಯ ಮೂಲೆಯಲ್ಲೊಂದು ಪೆಟ್ಟಿಗೆಯನ್ನಿರಿಸಿ, ಅದರೊಳಗೆ ಎಲ್‌ಇಡಿ ದೀಪವನ್ನೂ ಪುಟ್ಟ ಫ್ಯಾನನ್ನೂ ಅಳವಡಿಸಿ, ತುಳಸಿ ಕೊತ್ತಂಬರಿಗಳನ್ನು ಬೆಳೆಸುವುದು ಸಂತೋಷದ ಸಂಗತಿಯೇ ಸರಿ. ಆದರೆ ಆ ಪೆಟ್ಟಿಗೆಗೆ ಇಂಗಾಲದ ಡೈಆಕ್ಸೈಡನ್ನು ಪ್ರತ್ಯೇಕವಾಗಿ ಉಣಿಸುವ ಹಂಬಲದಿಂದ ಒಬ್ಬರು ಸಕ್ಕರೆ ಈಸ್ಟುಗಳ ಸೀಸೆಯನ್ನು, ಇನ್ನೊಬ್ಬರು ಅಡುಗೆ ಸೋಡ ವಿನೆಗರುಗಳನ್ನು, ಮತ್ತೊಬ್ಬರು ಆ ಅನಿಲವೇ ಹೆಪ್ಪುಗಟ್ಟಿದ ಡ್ರೈ ಐಸನ್ನೋ ಅದರ ಸಿಲಿಂಡರನ್ನೋ ಮಲಗುವ ಕೋಣೆಗೇ ತರುವುದಕ್ಕೆ ಹೊರಟಿರುವಾಗ, ನಾಲ್ಕು ಮಾತು ಅರಿಕೆ ಮಾಡಿಕೊಳ್ಳುವುದು ಕರ್ತವ್ಯವೆಂದು ತೋರಿತು.

ಹಂಬಲ ಅಶಾಸ್ತ್ರೀಯವಾದುದಲ್ಲ. ಸಸ್ಯದ ಒಣತೂಕದಲ್ಲಿ ಹೆಚ್ಚುಕಡಮೆ ಅರ್ಧ ಇಂಗಾಲವೇ. ಅದು ಬಂದುದು ಗಾಳಿಯಿಂದ. ಇಂದಿನ ವಾಯುಮಂಡಲದಲ್ಲಿ ಈ ಅನಿಲ ಹತ್ತು ಲಕ್ಷ ಭಾಗಕ್ಕೆ ಸುಮಾರು 420ರಷ್ಟಿದ್ದರೆ, ಹಾಲೆಂಡಿನ ಗಾಜಿನ ಮನೆಗಳಲ್ಲಿ ಟೊಮೇಟೊ ಬೆಳೆಯುವವರು ಅದನ್ನು 800, 1000ಕ್ಕೆ ಏರಿಸಿ ಅಧಿಕ ಫಲವನ್ನು ಪಡೆಯುವುದುಂಟು. (ನಮ್ಮ ರಾಗಿ, ಜೋಳ, ಕಬ್ಬುಗಳಿಗೆ ಈ ಉಪಚಾರದಿಂದ ಲಾಭ ಅತ್ಯಲ್ಪ.) ಆದರೆ ಜಿನೀವದ ಸೊಸ್ಯೂರ್ ಎಂಬ ವಿಜ್ಞಾನಿ 1804ರಷ್ಟು ಹಿಂದೆಯೇ ಕಂಡುಕೊಂಡಂತೆ, ಈ ಅನಿಲದ ಆಧಿಕ್ಯ ಬಿಸಿಲಿನಲ್ಲಿರುವ ಗಿಡಕ್ಕೆ ಪುಷ್ಟಿಕರವಾದರೂ ನೆರಳಿನಲ್ಲಿರುವ ಗಿಡಕ್ಕೆ ಹಿತವಲ್ಲ. ಮಂದ ದೀಪದ ಪೆಟ್ಟಿಗೆಯಲ್ಲಿ ಕೊರತೆಯಾಗಿರುವುದು ಬೆಳಕೇ ಹೊರತು ಅನಿಲವಲ್ಲ.

ಇನ್ನು ಪ್ರಮಾಣದ ವಿಚಾರ. ಎರಡಡಿ ಅಗಲ, ಎರಡಡಿ ಆಳ, ನಾಲ್ಕಡಿ ಎತ್ತರದ ಪೆಟ್ಟಿಗೆಯಲ್ಲಿ ಹಿಡಿಯುವುದು ಸುಮಾರು 450 ಲೀಟರು ಗಾಳಿ. ಅದನ್ನು 420ರಿಂದ 1000ಕ್ಕೆ ಏರಿಸಲು ಅರ್ಧ ಗ್ರಾಮಿನಷ್ಟು ಅನಿಲ ಸಾಕು. 5 ಗ್ರಾಮು ಅಡುಗೆ ಸೋಡ ವಿನೆಗರಿನಲ್ಲಿ ಪೂರ್ತಿ ಕರಗಿದರೆ ಹೊರಡುವುದು ಅದರ ಐದರಷ್ಟು! ಫ್ಯಾನು ತಿರುಗುತ್ತಿದ್ದರೆ ಅಷ್ಟೂ ಕೆಲವೇ ನಿಮಿಷಗಳಲ್ಲಿ ಹೊರಗೆ. ನಿಲ್ಲಿಸಿದಿರೋ, ದೀಪದ ಕಾವೂ ಎಲೆಯ ತೇವವೂ ಸೇರಿ ಬೂಷ್ಟು ಹಿಡಿಯುವುದು. ಇಷ್ಟೆಲ್ಲ ಶ್ರಮವಾದರೂ ಏತಕ್ಕೆ? ನಮ್ಮ ನಿಶ್ವಾಸದಲ್ಲೇ ಈ ಅನಿಲ ನೂರಕ್ಕೆ ನಾಲ್ಕು ಪಾಲಿನಷ್ಟಿದೆ. ಕಿಟಕಿ ಮುಚ್ಚಿ ಇಬ್ಬರು ಮಲಗಿದ ಕೋಣೆಯ ಗಾಳಿ ಬೆಳಗಾಗುವುದರೊಳಗೆ 1000ವನ್ನು ಸುಲಭವಾಗಿ ದಾಟಿರುತ್ತದೆ. ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚದೆ, ಕೋಣೆಯ ಗಾಳಿ ಫ್ಯಾನಿನಿಂದ ಒಳಗೆ ಆಡುವಂತೆ ಮಾಡಿದರೆ, ಗೃಹಸ್ಥರ ಉಸಿರೇ ಗಿಡಕ್ಕೆ ಅನ್ನವಾಗುವುದು.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಗಿಂತ ಒಂದೂವರೆ ಪಾಲು ಭಾರವಾದುದರಿಂದ ನೆಲದ ಮಟ್ಟದಲ್ಲಿ ಶೇಖರವಾಗಬಲ್ಲುದು. ಚಾಪೆ ಹಾಸಿ ಮಲಗುವ ಮಕ್ಕಳೂ ವೃದ್ಧರೂ ಇರುವುದು ಅಲ್ಲಿಯೇ. ಒಂದು ಕಿಲೋಗ್ರಾಮು ಡ್ರೈ ಐಸ್ 500 ಲೀಟರಿಗೂ ಮಿಕ್ಕಿ ಅನಿಲವಾಗಿ, ಹತ್ತಡಿ ಉದ್ದಗಲ ಎತ್ತರಗಳ ಮುಚ್ಚಿದ ಕೋಣೆಯನ್ನು 18000ದ ಆಚೆಗೊಯ್ಯುತ್ತದೆ; ಅನೇಕ ದೇಶಗಳು ಎಂಟು ಗಂಟೆಯ ದುಡಿಮೆಗೆ ವಿಧಿಸಿರುವ ಮಿತಿ 5000 ಮಾತ್ರ. 40000ದಲ್ಲಿ ಪ್ರಾಣಕ್ಕೇ ಅಪಾಯ. 1986ರ ಆಗಸ್ಟಿನಲ್ಲಿ ಕ್ಯಾಮರೂನಿನ ನ್ಯೋಸ್ ಸರೋವರದಿಂದ ಉಕ್ಕಿದ ಇದೇ ಅನಿಲ ಒಂದು ರಾತ್ರಿಯಲ್ಲಿ ಸುಮಾರು 1700 ಜನರನ್ನು ಬಲಿ ತೆಗೆದುಕೊಂಡಿತು.

ಆದುದರಿಂದ ಸಸ್ಯಪ್ರಿಯ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೆ: ಕೈಯಲ್ಲಿ ಹಣವಿದ್ದರೆ ಮೊದಲು ಒಳ್ಳೆಯ ದೀಪಕ್ಕೆ ವೆಚ್ಚ ಮಾಡಿರಿ, ಆಮೇಲೆ ಗಾಳಿಯನ್ನಳೆಯುವ ಮಾಪಕವೊಂದನ್ನು ಕೊಳ್ಳಿರಿ, ಡ್ರೈ ಐಸನ್ನಾಗಲಿ ಸಿಲಿಂಡರನ್ನಾಗಲಿ ಮಲಗುವ ಕೋಣೆಗೆ ತರಬೇಡಿರಿ, ತಂದಾಗಿದ್ದರೆ ಸಿಲಿಂಡರನ್ನು ಮಾರಿದವರಿಗೇ ಹಿಂದಿರುಗಿಸಿಬಿಡಿರಿ.