ಸುಮ್ಮನೆ ಕುಳಿತವನೂ ತೆರುವ ಪಣ

ಜೂಜಿನಲ್ಲಿ ಕೆಡುವವನು ಆಸೆಬುರುಕ, ತಾಳ್ಮೆಯುಳ್ಳವನಿಗೆ ಭಯವಿಲ್ಲ ಎಂದು ನಂಬಿದವರು ಹಲವರಿದ್ದಾರೆ. ಒಳ್ಳೆಯ ಎಲೆ ಬರುವ ತನಕ ಸುಮ್ಮನೆ ಕುಳಿತರಾಯಿತಲ್ಲ ಎಂಬುದು ಅವರ ವಾದ. ಪೋಕರ್ ಎಂಬ ಇಸ್ಪೀಟಾಟದ ಕಟ್ಟಳೆಯನ್ನು ನೋಡಿದರೆ ಈ ವಾದ ನಿಲ್ಲದೆಂಬುದು ನಮಗೆ ತಿಳಿಯುತ್ತದೆ.

ಅಮೆರಿಕದಲ್ಲಿ ಬೆಳೆದ ಈ ಆಟದಲ್ಲಿ ಎಲೆ ನೋಡುವ ಮೊದಲೇ ತೆರಬೇಕಾದ ಕಡ್ಡಾಯ ಪಣವುಂಟು. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಕುಳಿತವರೆಲ್ಲರೂ ಪ್ರತಿ ಆಟಕ್ಕೂ ಸಮನಾಗಿ ಹಾಕುವುದು ‘ಆ್ಯಂಟಿ’. ದೀಪಾವಳಿಯ ರಾತ್ರಿ ‘ತೀನ್ ಪತ್ತಿ’ ಆಡುವವರು ‘ಬೂಟ್’ ಎನ್ನುವುದು ಇದನ್ನೇ. ಇನ್ನೊಂದು ‘ಬ್ಲೈಂಡ್’, ಎಂದರೆ ಕುರುಡು ಪಣ. ‘ಟೆಕ್ಸಾಸ್ ಹೋಲ್ಡೆಮ್’ ಎಂಬ ಪ್ರಕಾರದಲ್ಲಿ ಎಲೆ ಹಂಚುವ ಸರದಿಯುಳ್ಳವನ ಎಡಕ್ಕಿರುವ ಮೊದಲನೆಯವನು ಚಿಕ್ಕ ಪಣವನ್ನೂ, ಎರಡನೆಯವನು ಸಾಮಾನ್ಯವಾಗಿ ಅದರ ಇಮ್ಮಡಿಯನ್ನೂ ಹಾಕಬೇಕು. ಆಟ ಮುಗಿದಂತೆಲ್ಲ ಸರದಿ ಮುಂದೆ ಸರಿಯುವುದರಿಂದ ಈ ಹೊರೆ ಯಾರನ್ನೂ ಬಿಡುವುದಿಲ್ಲ.

ಇದೇಕೆ ಬೇಕು? ನಡುವೆ ಹಣವೇ ಇಲ್ಲದಿದ್ದರೆ ಗೆಲ್ಲುವುದಕ್ಕೂ ಏನೂ ಇಲ್ಲ. ಎಲ್ಲರೂ ಉತ್ತಮವಾದ ಎಲೆಗಾಗಿ ಕಾಯುತ್ತಲೇ ಕುಳಿತಾರು. ಆ ಕಾಯುವಿಕೆಗೆ ಬೆಲೆ ಕಟ್ಟುವುದೇ ಕಡ್ಡಾಯ ಪಣದ ಕೆಲಸ.

ಒಂದು ಲೆಕ್ಕ ಹಾಕೋಣ. ಆಡುವವರು 9 ಮಂದಿ. ಪಣ 1 ರೂಪಾಯಿ ಮತ್ತು 2 ರೂಪಾಯಿ. ಒಂದು ಸುತ್ತು ಮುಗಿಯುವಾಗ ಒಬ್ಬೊಬ್ಬನೂ 3 ರೂಪಾಯಿ ತೆತ್ತಿರುತ್ತಾನೆ. ಮೊದಲು ಕೈಗೆ ಬರುವ ಎರಡೂ ಎಲೆಗಳು ಎಕ್ಕಗಳಾಗುವುದು ಸರಾಸರಿ 221 ಆಟಗಳಿಗೊಮ್ಮೆ. ಅದೊಂದನ್ನೇ ಕಾಯುತ್ತ ಉಳಿದ ಎಲೆಗಳನ್ನೆಲ್ಲ ಕೆಳಗಿಡುವವನು ಅಷ್ಟರಲ್ಲಿ ಸುಮಾರು 74 ರೂಪಾಯಿ ಕಳೆದುಕೊಂಡಿರುತ್ತಾನೆ. ಕೊನೆಗೊಮ್ಮೆ ಎಕ್ಕಗಳು ಬಂದು ಅವನು ಪಣ ಏರಿಸಿದಾಗ, ಸಂಗತಿಯನ್ನು ಊಹಿಸಿದ ಉಳಿದವರು ಎಲೆ ಕೆಳಗಿಟ್ಟರೆ, ಅವನಿಗೆ ದಕ್ಕುವುದು ನಡುವೆ ಬಿದ್ದಿರುವ ಆ 3 ರೂಪಾಯಿ ಮಾತ್ರ! ಪಂದ್ಯಾವಳಿಗಳಲ್ಲಂತೂ ಗೊತ್ತಾದ ಅವಧಿಗೊಮ್ಮೆ ಕುರುಡು ಪಣವನ್ನು ಏರಿಸುತ್ತ ಹೋಗುತ್ತಾರೆ. ಕಾಯುವವನ ಗಂಟು ಇನ್ನೂ ಬೇಗ ಕರಗುತ್ತದೆ.

ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಆದರೆ ಮನೆಯ ಚಾವಡಿಯಲ್ಲಿ ಹಬ್ಬದ ನೆಪದಿಂದ ಹರಡುವ ಚಾಪೆಗೆ ಕಾವಲಿರಬೇಕಾದುದು ನಮ್ಮ ವಿವೇಕವೇ. “ನಾನು ಎಚ್ಚರದಿಂದ ಆಡುತ್ತೇನೆ, ಬರಿದೆ ಕುಳಿತಿರುತ್ತೇನೆ” ಎಂದು ಮನೆಯ ಹುಡುಗನು ಹೇಳಿದರೆ, ಅವನನ್ನು ಗದರಿಸುವುದಕ್ಕಿಂತ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಈ ಲೆಕ್ಕವನ್ನು ಅವನ ಕೈಯಿಂದಲೇ ಮಾಡಿಸುವುದು ಲೇಸು. ಕುಳಿತಿರುವುದಕ್ಕೂ ಅಲ್ಲಿ ಬಾಡಿಗೆಯುಂಟು. ಏಳುವುದಕ್ಕೆ ಮಾತ್ರ ಯಾವ ಪಣವೂ ಇಲ್ಲ.